ಕುರುಚಲು ಕಾಡಿಗೆ ಕೈಮುಗಿದು

(ಚಿತ್ರದುರ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾಡಿನಲ್ಲಿದ್ದಾಗ ನಿಸರ್ಗದ ಜೊತೆ ಮೂಡುವ ಅಂತರಂಗದ ನಂಟಿನ ಬಗ್ಗೆ ಮಾತಾಡಿ ಅಂದಿರಿ. ಖುಷಿಯಿಂದ ಒಪ್ಪಿಕೊಂಡೆ. ಆದರೆ ನೀವು ಅಚ್ಚು ಹಾಕಿಸಿದ ಕರಪತ್ರದ ಮೇಲಿನ ಚಿತ್ರದ ಬಗ್ಗೆ ನನ್ನದೊಂದು ತಕರಾರಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಮಂಜು ಮುಸುಕಿದ ಕಡುಹಸಿರು ಕಾಡು, ಹಿಂದೆ ಧುಮುಕುವ ಜಲಪಾತ, ಮುಂದೆ ಕಣ್ಣು ಮುಚ್ಚಿ ಕೂತ ಒಬ್ಬ ಹುಡುಗಿ. ಚಿತ್ರ ಚೆನ್ನಾಗಿದೆ. ಆದರೆ ಅದು ಚಿತ್ರದುರ್ಗದ ಕಾಡಲ್ಲ.

ನಮ್ಮ ಜಿಲ್ಲೆಯವರನ್ನು ಕಾಡು ಎಲ್ಲಿದೆ ಅಂತ ಕೇಳಿ ನೋಡಿ. ಆಗುಂಬೆ ಅಂತಾರೆ, ಕೊಡಚಾದ್ರಿ ಅಂತಾರೆ, ಕೊಡಗು ಅಂತಾರೆ. ದಾವಣಗೆರೆಯವರಾದರೆ ಶಿವಮೊಗ್ಗ ದಾಟಿದ ಮೇಲೆ ಸಿಗುತ್ತೆ ಅಂತಾರೆ. ಇಲ್ಲೇ ಪಕ್ಕದ ಜೋಗಿಮಟ್ಟಿ ಬೆಟ್ಟದ ಬುಡದಲ್ಲೇ ಮನೆ ಕಟ್ಟಿಕೊಂಡವರೂ "ಇಲ್ಲೇನೈತೆ ಮೇಡಂ, ಬರೀ ಕಲ್ಲು, ಮುಳ್ಳು" ಅಂದದ್ದನ್ನು ಕೇಳಿದ್ದೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಚಳ್ಳಕೆರೆ ಸೀಮೆಗೆ 500 ಬಿದ್ದರೆ ಜನ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಇಷ್ಟು ಅಂತರವಿರುವ ಎರಡು ನೆಲಗಳನ್ನು ಹಸಿರು ಅನ್ನುವ ಒಂದೇ ಕೋಲಿನಿಂದ ಅಳೆಯುವುದು ನ್ಯಾಯವಲ್ಲ. ಅಳೆಯುತ್ತಾ ಬಂದದ್ದರ ಫಲ ಏನಾಗಿದೆ ನೋಡಿ. ನಮ್ಮ ಕಾಡು ನಮ್ಮ ಕಣ್ಣಿಗೇ ಬೀಳದೆ ಹೋಗಿದೆ. ಕಾಣದ್ದರ ಜೊತೆ ನಂಟು ಬೆಳೆಯುವುದು ಹೇಗೆ?

ನಾನು ಹೇಳಬೇಕೆಂದು ಬಂದಿರುವುದು ಇಷ್ಟು. ಕಾಡಿನಲ್ಲಿ ಮೈಮರೆಯುವುದನ್ನು ಮಾತ್ರ ಅಧ್ಯಾತ್ಮ ಅಂತ ಕರೆಯಲು ನನಗೆ ಮನಸ್ಸಿಲ್ಲ. ಇಲ್ಲಿನ ಒಣಕಾಡು ನನಗೆ ಮೈಮರೆಸಲಿಲ್ಲ, ಎಚ್ಚರ ಕಲಿಸಿತು. ಯಾವ ಮರ, ಯಾವ ಹಕ್ಕಿ, ಯಾರ ಹೆಜ್ಜೆ ಎಂದು ಗುರುತಿಸುತ್ತಾ ಹೋದಂತೆ ನಂಟು ಬೆಳೆಯಿತು, ನಂಟು ಬೆಳೆದಂತೆ ನಡವಳಿಕೆ ಬದಲಾಯಿತು. ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು, ಹಾಗಾಗಿ ಮೊದಲು ಒಂದು ಮರದ ಬಗ್ಗೆ ಹೇಳುತ್ತೇನೆ.

ಕಮರ. ಹಿರಿಯೂರಿನ ಕಡೆಯವರು ಇಲ್ಲಿದ್ದರೆ ಅವರಿಗೆ ಪರಿಚಯ ಬೇಕಿಲ್ಲ. ಸಸ್ಯಶಾಸ್ತ್ರದ ಹೆಸರು ಹಾರ್ಡ್‌ವಿಕಿಯಾ ಬೈನಾಟಾ. ಎರಡೆರಡೇ ಎಲೆ, ಬುಡದಲ್ಲಿ ಕೂಡಿಕೊಂಡಿರುತ್ತವೆ, ಹೊಸದಾಗಿ ಬಂದಾಗ ಕೆಂಪು. ನಮ್ಮ ದೇಶದ ಅತಿ ಗಟ್ಟಿ, ಅತಿ ಭಾರದ ಕಟ್ಟಿಗೆಗಳಲ್ಲಿ ಇದೂ ಒಂದು. ಬರಗಾಲದಲ್ಲಿ ಇದರ ಸೊಪ್ಪು ದನಕ್ಕೆ ಮೇವು, ತೊಗಟೆಯ ನಾರು ಹಗ್ಗಕ್ಕೆ. ಫೆಬ್ರವರಿ ಮಾರ್ಚ್ ಹೊತ್ತಿಗೆ ಎಲೆ ಉದುರಿಸಿ ನಿಂತಿರುತ್ತದೆ. ಬೇರೆ ಮರಗಳು ಕಾಲೂರಲು ಹೆದರುವ ಕಲ್ಲುನೆಲದಲ್ಲಿ ಇವು ಗುಂಪಾಗಿ ಬೆಳೆಯುತ್ತವೆ.

ಈ ಮರದ ಎಳವೆಯ ಕಥೆ ಕೇಳಿ. ಬೀಜ ಮೊಳೆತ ಮೇಲೆ ಸಸಿ ಮೇಲೆ ಬೆಳೆಯುವ ಆತುರ ತೋರುವುದಿಲ್ಲ. ಮೊದಲು ಬೇರು ಇಳಿಸುತ್ತದೆ, ಕಲ್ಲಿನ ಸಂದು ಹುಡುಕಿಕೊಂಡು ಆಳಕ್ಕೆ. ಬೇಸಿಗೆ ಬಂದಾಗ ಮೇಲಿನ ಚಿಗುರು ಒಣಗಿ ಸಾಯುತ್ತದೆ. ಮಳೆ ಬಂದಾಗ ಮತ್ತೆ ಚಿಗುರುತ್ತದೆ, ಮರುವರ್ಷ ಮತ್ತೆ ಒಣಗುತ್ತದೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ನೋಡಿದವರು ಗಿಡ ಸತ್ತಿತು ಅನ್ನುತ್ತಾರೆ. ಕೆಳಗೆ ಬೇರು ತನ್ನ ಪಾಡಿಗೆ ಇಳಿಯುತ್ತಲೇ ಇರುತ್ತದೆ. ನೀರಿನ ಪಸೆಯಿರುವ ಆಳ ಸಿಕ್ಕಿದ ಮೇಲೆ ಮಾತ್ರ ಕಾಂಡ ಮೇಲೆದ್ದು ಮರವಾಗುತ್ತದೆ.

ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ಇದೊಂದು ಮಾಹಿತಿಯಾಗಿತ್ತು. ಒಂದು ಮಾರ್ಚಿನ ಮಧ್ಯಾಹ್ನ ಹಿರಿಯೂರಿನ ಕಡೆಯ ಗುಡ್ಡದಲ್ಲಿ, ಒಂದೂ ಎಲೆಯಿಲ್ಲದ ಕಮರದ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ನೆರಳು ಅನ್ನುವುದೇ ಇರಲಿಲ್ಲ, ಕೊಂಬೆಗಳ ಗೆರೆಗಳು ಮಾತ್ರ ನೆಲದ ಮೇಲೆ ಬಿದ್ದಿದ್ದವು. ಬೆನ್ನಿಗೆ ತಾಗಿದ್ದ ತೊಗಟೆ ಬೆಚ್ಚಗಿತ್ತು. ನಾನು ಕೂತ ಕಲ್ಲಿನ ಕೆಳಗೆ, ಎಷ್ಟೋ ಆಳದಲ್ಲಿ, ಈ ಮರ ನೀರು ಕುಡಿಯುತ್ತಿದೆ ಅನ್ನುವುದು ಇದ್ದಕ್ಕಿದ್ದಂತೆ ಮೈಗೆ ತಿಳಿಯಿತು. ತಲೆಗೆ ಮೊದಲೇ ಗೊತ್ತಿತ್ತು, ಮೈಗೆ ಗೊತ್ತಾಗಿದ್ದು ಆಗ. ಕಣ್ಣು ತುಂಬಿ ಬಂತು. ಅಳುವುದಕ್ಕೆ ಕಾರಣವೇ ಇರಲಿಲ್ಲ. ದುಃಖವಿರಲಿಲ್ಲ, ಸಂತೋಷ ಅಂತ ಕರೆಯುವಂಥದ್ದೂ ಅಲ್ಲ. ನಾನು ಇಲ್ಲದಿದ್ದರೂ ಇದು ನಡೆಯುತ್ತಿತ್ತು, ನಾನು ಇರುವಾಗಲೂ ನಡೆಯುತ್ತಿದೆ, ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಲು ನನಗೆ ಜಾಗ ಸಿಕ್ಕಿದೆ. ಇಷ್ಟೇ. ಗುಡಿಯ ಗರ್ಭಗುಡಿಯ ಮುಂದೆ ನಿಂತಾಗಲೂ ನನಗೆ ಅಷ್ಟು ನಿಚ್ಚಳವಾಗಿ ಕೈಮುಗಿಯಬೇಕು ಅನ್ನಿಸಿರಲಿಲ್ಲ.

ನಮ್ಮ ಅಜ್ಜಿಗೆ ಇದೆಲ್ಲ ದೊಡ್ಡ ಸಂಗತಿಯೇ ಆಗುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಗಿಡದಿಂದ ಒಂದು ಎಲೆ ಕೀಳಲೂ ಬಿಡುತ್ತಿರಲಿಲ್ಲ. "ಮಲಗೈತೆ ಕಣವ್ವ, ಎಬ್ಬಿಸಬ್ಯಾಡ" ಅನ್ನೋಳು. ಔಷಧಿಗೆ ಬೇರು ಬೇಕಾದರೆ ಹಗಲಲ್ಲಿ ಹೋಗಿ, ಮುಟ್ಟಿ ನಮಸ್ಕಾರ ಮಾಡಿ, ಬೇಕಾದಷ್ಟೇ ತೆಗೆದು, ಮಣ್ಣು ಮುಚ್ಚಿ ಬರೋಳು. ಇಲ್ಲಿರುವ ಅನೇಕರ ಮನೆಯಲ್ಲೂ ಇಂಥ ಅಜ್ಜಿಯರು ಇದ್ದಾರೆ ಅಂತ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ.

ಇನ್ನು ಕಲ್ಲಿನ ಮಾತು. ದುರ್ಗದವರಾಗಿ ಕಲ್ಲನ್ನು ಬಿಟ್ಟು ಮಾತಾಡಿದರೆ ಅಪಚಾರ. ಇಲ್ಲಿಂದ ಸ್ವಲ್ಪ ದೂರದ ಮರಡಿಹಳ್ಳಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ದಿಂಬುಗಳ ಆಕಾರದ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿದಾಗ ಹೊರಪದರ ತಟ್ಟನೆ ತಣಿದು, ಒಳಗಿನದು ಮತ್ತೆ ಒಡೆದುಕೊಂಡು ಬಂದು ಹೀಗೆ ಉಬ್ಬುಬ್ಬಾಗಿ ಗಟ್ಟಿಯಾಗುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿತ್ತು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಈ ಸೀಮೆ ಒಂದು ಕಾಲದಲ್ಲಿ ನೀರಿನಡಿ ಇತ್ತು. ಆ ಬಂಡೆಯ ಮೇಲೆ ಅಂಗೈ ಇಟ್ಟು ನಿಂತು ನೋಡಿ. ನಮ್ಮ ಕುಲ, ನಮ್ಮ ಊರು, ನಮ್ಮ ಜಗಳ ಎಲ್ಲಕ್ಕೂ ಎಷ್ಟು ವಯಸ್ಸಾಯಿತು ಅನ್ನುವ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಚಂದ್ರವಳ್ಳಿಗೆ ನೀವೆಲ್ಲ ಹೋಗಿದ್ದೀರಿ. ಸೆಲ್ಫಿ ತೆಗೆದುಕೊಂಡು ಬಂದಿದ್ದೀರಿ, ತಪ್ಪೇನಿಲ್ಲ. ಮೂರು ಕಡೆಯಿಂದ ಬೆಟ್ಟ ಒತ್ತಿಕೊಂಡಿರುವ ಆ ಕಣಿವೆಯಲ್ಲಿ ಅಂಕಲಿ ಮಠದ ಗುಹೆಗಳಿವೆ. ಒಳಗೆ ಇಳಿದರೆ ಕೋಣೆಯೊಳಗೆ ಕೋಣೆ, ಕತ್ತಲೆಯೊಳಗೆ ಕತ್ತಲೆ. ಜಪತಪಕ್ಕೆ ಅಲ್ಲಿ ಕೂತವರು ಊರಿನ ಮಧ್ಯೆ ಜಾಗವಿಲ್ಲದೆ ಬಂದವರಲ್ಲ. ಕಣಿವೆಯ ಬಾಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ, ಕೆರೆ ಕಟ್ಟಿಸಿದ ವಿಷಯ ಹೇಳುವ ಶಾಸನ. ಬಯಲುಸೀಮೆಯಲ್ಲಿ ತಪಸ್ಸೂ ಕೆರೆಯೂ ಯಾವಾಗಲೂ ಅಕ್ಕಪಕ್ಕ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇವತ್ತಿಗೂ ನೆನೆಯುವುದು ಪವಾಡಗಳಿಗೆ ಎಷ್ಟೋ, ಕಟ್ಟಿಸಿದ ಕೆರೆಗಳಿಗೂ ಅಷ್ಟೇ. ಅಂತರಂಗದಲ್ಲಿ ಏನೋ ಆಯಿತು ಅನ್ನುವವರನ್ನು ನಮ್ಮ ಜನ ತಕ್ಷಣ ನಂಬುವುದಿಲ್ಲ. ಆಮೇಲೆ ಏನು ಮಾಡಿದರು ಅಂತ ನೋಡುತ್ತಾರೆ.

ಈ ಮಾತಿಗೆ ನಮ್ಮ ಜಿಲ್ಲೆಯ ಅತಿ ಹಳೆಯ ಬರಹವೇ ಸಾಕ್ಷಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೇ ಶತಮಾನದವು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬರೆದದ್ದು. ಬರೆದವನ ಹೆಸರೂ ಇದೆ, ಚಪಡ. ಏನು ಹೇಳುತ್ತದೆ ಗೊತ್ತಾ? ತಂದೆತಾಯಿಯ ಮಾತು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳ ಮೇಲಿನ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು. ಇದು ಹಿಂದಿನಿಂದ ಬಂದ ನಡವಳಿಕೆ, ಇದರಿಂದ ಆಯುಷ್ಯ ಬೆಳೆಯುತ್ತದೆ.

ಆ ಸಾಲುಗಳ ಅನುಕ್ರಮ ನನ್ನನ್ನು ಬಹಳ ಕಾಲ ಹಿಡಿದುಕೊಂಡಿತು. ಪ್ರಾಣಿದಯೆಯನ್ನು ಬೇರೆ ಪ್ರಕರಣ ಮಾಡಿಲ್ಲ. ಅಪ್ಪ, ಅಮ್ಮ, ಹಿರಿಯರು, ಆಮೇಲೆ ಉಸಿರಾಡುವ ಜೀವಗಳು, ಆಮೇಲೆ ಸತ್ಯ. ಎಲ್ಲ ಒಂದೇ ಉಸಿರಿನಲ್ಲಿ. ಮನೆಯೊಳಗಿನ ಸಂಬಂಧ ಎಲ್ಲಿ ಮುಗಿಯಿತು, ಕಾಡಿನ ಸಂಬಂಧ ಎಲ್ಲಿ ಶುರುವಾಯಿತು ಅನ್ನುವ ಗೆರೆಯೇ ಅಲ್ಲಿಲ್ಲ. ಅದನ್ನು ಕೆತ್ತಿಸಿದ್ದು ಪಾಟಲಿಪುತ್ರದ ಅರಮನೆಯ ಗೋಡೆಯ ಮೇಲಲ್ಲ, ನಮ್ಮ ಕುರುಚಲು ಗುಡ್ಡದ ಬಂಡೆಯ ಮೇಲೆ. ಇಲ್ಲಿಂದ ಅಲ್ಲಿಗೆ ಹೋಗಲು ಅರ್ಧ ದಿನ ಸಾಕು. ನೀವು ಹೋಗಬೇಕು. ಓದಲು ಬರದಿದ್ದರೂ ಆ ಬಂಡೆಯ ಹತ್ತಿರ ನಿಂತು ಸುತ್ತಲಿನ ಗುಡ್ಡ ನೋಡಬೇಕು.

ಶಾಸನಕ್ಕಿಂತ ಹಳೆಯದೋ ಹೊಸದೋ, ಇಲ್ಲಿನ ಜನರ ನಡವಳಿಕೆ ಬೇರೆಯೇ ಇದೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಹತ್ತಿರ ಕುರಿ ಕಾಯುವ ಕಾಡುಗೊಲ್ಲ ಸಮುದಾಯದವರ ಕ್ಯಾತೇದೇವರ ಜಾತ್ರೆ ನಡೆಯುತ್ತದೆ. ನೋಡಿಲ್ಲದವರು ಒಮ್ಮೆ ನೋಡಿ. ದೇವರಿಗೆ ಕಟ್ಟುವ ಗುಡಿ ಕಲ್ಲಿನದಲ್ಲ, ಸಿಮೆಂಟಿನದಲ್ಲ. ಬಾರೆ ಮುಳ್ಳಿನದು. ಕಾಡಿನಿಂದ ಬಾರೆ ಕಳ್ಳೆ ತಂದು ಎತ್ತರಕ್ಕೆ ಒಟ್ಟಿ ಗುಡಿ ಮಾಡಿ, ತುದಿಯಲ್ಲಿ ಕಳಸ ಇಡುತ್ತಾರೆ. ಹರಕೆ ಹೊತ್ತ ಭಕ್ತರು ಬರಿಗಾಲಲ್ಲಿ ಆ ಮುಳ್ಳನ್ನು ಏರಿ ಕಳಸ ಕೀಳುತ್ತಾರೆ. ನಾನು ನೋಡಿದ ವರ್ಷ ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜ "ನಮ್ ದೇವರಿಗೆ ಇದೇ ಮನೆ, ಬ್ಯಾರೆ ಒಗ್ಗಾಕಿಲ್ಲ" ಅಂದ. ನನಗೆ ಅದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕಾಗಲಿಲ್ಲ. ಈ ಸೀಮೆಯಲ್ಲಿ ಸೊಂಪಾಗಿ ಸಿಗುವುದು ಮುಳ್ಳು. ಕುರಿಹಟ್ಟಿಗೆ ಬೇಲಿಯಾಗಿ ತೋಳದಿಂದ ಕಾಯುವುದು ಮುಳ್ಳು. ಹಸಿದ ಹುಡುಗರಿಗೆ ಹಣ್ಣು ಕೊಡುವುದೂ ಅದೇ ಮುಳ್ಳುಗಿಡ. ಅದರಿಂದಲೇ ದೇವರಿಗೆ ಮನೆ. ಮಲೆನಾಡಿನ ಚಿತ್ರ ತಂದು ಗೋಡೆಗೆ ಹಾಕಿಕೊಳ್ಳಬೇಕಾದ ಬಡತನ ಅವರಿಗಿಲ್ಲ.

ದನ ಸಾಕುವ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳನ್ನು ನೋಡಿ. ದೇವರಿಗೆ ಬಿಟ್ಟ ದನಗಳು. ನೊಗ ಹೂಡುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಶಾಸ್ತ್ರೋಕ್ತವಾಗಿ ಮಣ್ಣು ಮಾಡುತ್ತಾರೆ. ಅವುಗಳನ್ನು ಮೇಯಿಸುವ ಕಿಲಾರಿಗಳು ಒಂದು ವ್ರತ ಹಿಡಿದವರಂತೆ ಬದುಕುತ್ತಾರೆ. ಬರ ಬಂದರೆ ಕಿಲಾರಿಗಳಿಗೆ ತಮ್ಮ ಊಟಕ್ಕಿಂತ ಎತ್ತುಗಳ ಮೇವಿನ ಚಿಂತೆ. ಆ ಎತ್ತುಗಳು ಮೇಯುತ್ತಿದ್ದದ್ದು ಕಾವಲುಗಳಲ್ಲಿ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲುಗಳಲ್ಲಿ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಸಂಶೋಧನಾ ಸಂಸ್ಥೆಗಳಿಗೆ, ರಕ್ಷಣಾ ಯೋಜನೆಗಳಿಗೆ ಹಂಚಿಕೆಯಾಗಿ ಗೋಡೆ ಎದ್ದಿದ್ದು ನಿಮಗೆಲ್ಲ ಗೊತ್ತು. ಖಾಲಿ ಬಿದ್ದಿರುವ ಜಾಗ ಅಂತ ಕಾಗದಗಳಲ್ಲಿ ಬರೆದರು. ದೇಶಕ್ಕೆ ವಿಜ್ಞಾನವೂ ಬೇಕು, ನಾನು ವಿಜ್ಞಾನದ ಮೇಷ್ಟ್ರೇ. ಆದರೆ ಹುಲ್ಲಿರುವ, ಹಕ್ಕಿಯಿರುವ, ದೇವರಿರುವ ಜಾಗವನ್ನು ಖಾಲಿ ಅನ್ನುವ ಕಣ್ಣು ನನಗೆ ನೋವು ಕೊಡುತ್ತದೆ. "ಬರೀ ಕಲ್ಲು, ಮುಳ್ಳು" ಅನ್ನುವ ನಮ್ಮ ಮಾತಿಗೂ ಆ ಕಣ್ಣಿಗೂ ಏನು ದೂರ?

ವೈದ್ಯವಿಜ್ಞಾನ ಈ ವಿಷಯದಲ್ಲಿ ಏನು ಹೇಳುತ್ತದೆ ಅಂತ ಸಂಘಟಕರು ಕೇಳಿದ್ದರು, ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕ ಹೋಲಿಸಿ ನೋಡಿದ. ಕಿಟಕಿಯಾಚೆ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವು ನಿವಾರಕಗಳನ್ನು ಕಡಿಮೆ ಕೇಳಿದ್ದರು. 1984ರಲ್ಲಿ ಅದು ಪ್ರಕಟವಾಯಿತು. ಜಪಾನಿನ ಅರಣ್ಯ ಇಲಾಖೆ 1982ರಲ್ಲೇ ಶಿನ್ರಿನ್ ಯೋಕು ಎಂಬ ಹೆಸರಿಟ್ಟು ಜನರನ್ನು ಕಾಡಿನಲ್ಲಿ ನಿಧಾನವಾಗಿ ಅಡ್ಡಾಡಿ ಅಂತ ಕರೆಯಿತು. ಇದೆಲ್ಲ ಒಳ್ಳೆಯದೇ. ಆದರೆ ನನ್ನ ಬಿಪಿ ಇಳಿಯಲಿ ಅಂತ ಮಾತ್ರ ಕಾಡಿಗೆ ಹೋಗುವುದು, ಆಸ್ತಿಗಾಗಿ ಮಾತ್ರ ಅಜ್ಜನ ಮನೆಗೆ ಹೋದಂತೆ. ಇಳಿದರೆ ಇಳಿಯಲಿ, ಬೇಡ ಅನ್ನುವುದಿಲ್ಲ.

ಈಗ ಒಂದು ಪ್ರಾಣಿಯ ವಿಷಯ. ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡನ್ನು 2011ರಲ್ಲಿ ವನ್ಯಜೀವಿಧಾಮ ಮಾಡಿದರು. ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿ ಅನ್ನುವ ಪುಟ್ಟ ಹುಲ್ಲೆಗಾಗಿಯೇ ಮಾಡಿದ ಧಾಮ ಅದು. ಗಂಡಿಗೆ ನಾಲ್ಕು ಕೊಂಬು. ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಎರಡು ಪುಟ್ಟವು. ಭಾರತ, ನೇಪಾಳ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಜಿಂಕೆಗಳ ಹಾಗೆ ಹಿಂಡು ಕಟ್ಟುವುದಿಲ್ಲ, ಒಂಟಿ, ಹೆಚ್ಚೆಂದರೆ ಜೋಡಿ. ನೀರಿನ ಆಸರೆ ಬಿಟ್ಟು ಬಹಳ ದೂರ ಹೋಗುವುದಿಲ್ಲ. ಹಿಕ್ಕೆ ಹಾಕಲು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಆ ಹಿಕ್ಕೆಯ ಗುಡ್ಡೆ ನೋಡಿಯೇ ಅದು ಇದೆ ಅಂತ ತಿಳಿಯಬೇಕು.

ಅರಣ್ಯ ಇಲಾಖೆಯ ಸಿಬ್ಬಂದಿಯ ಜೊತೆ ಹೋದಾಗಲೆಲ್ಲ ನನಗೆ ಸಿಕ್ಕಿದ್ದು ಹಿಕ್ಕೆ ಮಾತ್ರ. ಆದರೆ ಒಂದು ಬೆಳಿಗ್ಗೆ ಒಣಹುಲ್ಲಿನ ಇಳಿಜಾರಿನಲ್ಲಿ ನಿಂತಿದ್ದೆವು. ಎದುರಿಗೆ ಕಾರೆ ಗಿಡದ ಪಕ್ಕ ಒಂದು ಕಂದು ಬಣ್ಣದ ಕಲ್ಲು. ಎಷ್ಟೋ ಹೊತ್ತು ಕಲ್ಲು ಅಂತಲೇ ನೋಡುತ್ತಿದ್ದೆ. ಕಲ್ಲಿನ ಕಿವಿ ಅಲ್ಲಾಡಿತು. ನಾವು ಬಂದಾಗಿನಿಂದ ಅದು ನಮ್ಮನ್ನು ನೋಡುತ್ತಲೇ ಇತ್ತು. ಅದರ ಕಣ್ಣಿನಲ್ಲಿ ನನ್ನ ಬಗ್ಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಅಪಾಯವೋ ಅಲ್ಲವೋ ಅನ್ನುವ ಒಂದೇ ಪ್ರಶ್ನೆ ಇತ್ತು. ಉತ್ತರ ಏನು ಸಿಕ್ಕಿತೋ, ಮುಂಗಾಲು ಎತ್ತೆತ್ತಿ ಇಡುತ್ತಾ ಒಂದೆರಡು ಹೆಜ್ಜೆ ಹಾಕಿ, ಪೊದೆಯೊಳಗೆ ಹಾರಿತು.

ಬಹಳ ಜನ ಬರೆಯುತ್ತಾರೆ, ಪ್ರಾಣಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಏನೋ ಹೇಳಿತು ಅಂತ. ನನಗೆ ಅದು ಏನೂ ಹೇಳಲಿಲ್ಲ. ನಾನು ಅದಕ್ಕೆ ಬೇಕಾಗಿರಲೇ ಇಲ್ಲ. ಹಗಲೆಲ್ಲ ಯಾರದೋ ಅಮ್ಮ, ಯಾರದೋ ಮೇಡಂ, ಯಾರದೋ ಸೊಸೆಯಾಗಿ ಬೇಕಾಗಿ ಬೇಕಾಗಿ ದಣಿದವರಿಗೆ ಈ ಬೇಡವಾಗುವಿಕೆ ಎಷ್ಟು ದೊಡ್ಡ ಬಿಡುಗಡೆ ಅಂತ ಇಲ್ಲಿರುವ ಹೆಣ್ಣುಮಕ್ಕಳಿಗೆ ಅರ್ಥವಾಗುತ್ತದೆ. ನನ್ನನ್ನು ಲೆಕ್ಕಕ್ಕೇ ಇಡದ ಒಂದು ದೊಡ್ಡ ಬದುಕು ನನ್ನ ಸುತ್ತ ನಡೆಯುತ್ತಿದೆ. ಅದಕ್ಕೆ ನಾನು ದೇವರು ಅನ್ನುತ್ತೇನೆ. ನೀವು ಬೇರೆ ಏನಾದರೂ ಅನ್ನಿ.

ಹೆದರಿಕೆಯ ಬಗ್ಗೆಯೂ ಹೇಳಬೇಕು. ಜೋಗಿಮಟ್ಟಿಯಲ್ಲಿ ಕರಡಿ ಇದೆ, ಚಿರತೆ ಇದೆ. ಕರಡಿ ಹುತ್ತ ಅಗೆದು ಗೆದ್ದಲು ಹೀರುವ ಸದ್ದು ಬಹಳ ದೂರ ಕೇಳುತ್ತದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಆ ಸದ್ದು ಕೇಳಿದಾಗ ಬೆನ್ನಹುರಿಯಲ್ಲಿ ಏಳುವ ಭಯವೂ ನಂಟಿನ ಒಂದು ಭಾಗವೇ. ಭಯಭಕ್ತಿಯಿಂದ ನಡೆದುಕೊಳ್ಳಿ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಕಾಡಿನಲ್ಲಿ ಅದು ಅಕ್ಷರಶಃ ಬೇಕು. ಕರಡಿ ತಿಂದ ಕವಳೆ, ಎಲಚಿಯ ಬೀಜ ಅದರ ಹಿಕ್ಕೆಯಿಂದ ಮತ್ತೆ ಗಿಡವಾಗುತ್ತದೆ. ನಾವು ಹೆದರುವ ಪ್ರಾಣಿಯೇ ಕಾಡು ನೆಡುತ್ತಿದೆ.

ಹಾಗಾದರೆ ಹೋಗುವುದು ಹೇಗೆ? ಹತ್ತು ಜಾಗ ನೋಡಬೇಡಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಆಡುಮಲ್ಲೇಶ್ವರದ ದಾರಿಯಾಗಲಿ, ಚಂದ್ರವಳ್ಳಿಯ ಕೆರೆಯಂಚಾಗಲಿ, ಕೊಂಡಜ್ಜಿಯ ಗುಡ್ಡವಾಗಲಿ. ಕಾಯ್ದಿಟ್ಟ ಅರಣ್ಯಕ್ಕೆ ಇಲಾಖೆಯ ಅನುಮತಿ ಕೇಳಿಯೇ ಹೋಗಿ. ಒಂದು ಕಡೆ ಕೂತುಕೊಳ್ಳಿ. ಮೊದಲು ಮನಸ್ಸು ಗಲಾಟೆ ಮಾಡುತ್ತದೆ. ಮನೆ, ಪರೀಕ್ಷೆ, ಸಾಲ, ಯಾರೋ ಅಂದ ಮಾತು. ಮಾಡಲಿ ಬಿಡಿ. ನೀವು ಅಲ್ಲಾಡದೆ ಕೂತರೆ, ನಿಮ್ಮನ್ನು ಕಂಡು ದೂರ ಸರಿದಿದ್ದ ಪಿಕಳಾರಗಳು ಮರಳಿ ಬರುತ್ತವೆ. ಓತಿಕ್ಯಾತ ಕಲ್ಲಿನ ಮೇಲೆ ಬಂದು ತಲೆ ಆಡಿಸುತ್ತದೆ. ದೂರದಲ್ಲೆಲ್ಲೋ ಗೌಜಲಹಕ್ಕಿ ಕೂಗುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ, ಅದು ಯಾವಾಗ ಬಂತು ಅಂತ ಗೊತ್ತಾಗದಂತೆ, ನಾನು ನೋಡುತ್ತಿದ್ದೇನೆ ಅನ್ನುವುದು ಹೋಗಿ ನೋಡುವುದು ಮಾತ್ರ ಉಳಿಯುತ್ತದೆ. ಎಲ್ಲ ಸಲ ಆಗುವುದಿಲ್ಲ. ಆಗಲಿ ಅಂತ ಕಾದರೆ ಖಂಡಿತ ಆಗುವುದಿಲ್ಲ. ಫೋನು ಜೇಬಿನಲ್ಲಿರಲಿ, ಹಾಡು ಬೇಡ. ಜೋಗಿಮಟ್ಟಿ ಕಾಡಿನ ಹಿಮವತ್ಕೇದಾರದ ಗುಹೆಯೊಳಗೆ ಶಿವಲಿಂಗದ ಮುಂದೆ ನಿಂತಾಗ ಕಲ್ಲಿನಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿಕೊಳ್ಳಬೇಕಾದ ಜಾಗದಲ್ಲಿ ಸ್ಪೀಕರ್ ಹಾಕಿ ಕುಣಿಯುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಪೂಜೆ ಮುಗಿಸಿ ಬಿಟ್ಟು ಬಂದ ಪ್ಲಾಸ್ಟಿಕ್ ಕವರು, ಕರ್ಪೂರದ ಡಬ್ಬಿ ಅದಕ್ಕಿಂತ ಹೆಚ್ಚು ಸಂಕಟ.

ಹೆಸರು ಕಲಿಯಿರಿ. ದಿಂಡಿಗ, ಕಗ್ಗಲಿ, ಮುತ್ತುಗ, ಬಿಕ್ಕೆ, ಕಾರೆ, ತಂಗಡಿ, ಬಂದರಿಕೆ. ಕುರಿ ಕಾಯುವವರನ್ನು ಕೇಳಿ, ಅವರಿಗೆ ನನಗಿಂತ ಹೆಚ್ಚು ಗೊತ್ತು. ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರು ಈ ಕಲ್ಲುಗುಡ್ಡಗಳ ಸಂದಿನಲ್ಲೇ ಬೆಳೆಯುತ್ತದೆ. ಬೇರು ಅಗೆದರೆ ಬಳ್ಳಿಯೇ ಹೋಗುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುವಾಗ ಅದನ್ನು ನೆನೆಸಿಕೊಳ್ಳಿ. ಫೆಬ್ರವರಿಯಿಂದ ಮೇವರೆಗೆ ಬೆಂಕಿಯ ಕಾಲ. ಒಂದು ಬೀಡಿ ತುಂಡು ಸಾಕು. ಸುಟ್ಟ ಗುಡ್ಡದ ಮೇಲೆ ಮರುದಿನ ನಡೆದು ನೋಡಿದರೆ, ಓಡಲಾರದ ಜೀವಗಳೆಲ್ಲ ಅಲ್ಲೇ ಬಿದ್ದಿರುತ್ತವೆ. ಆಮೆ, ಹಕ್ಕಿಮರಿ, ಮೊಟ್ಟೆ. ಕಾಡಿನ ಜೊತೆ ನಂಟು ಬೆಳೆದವರಿಗೆ ಶಾಂತಿ ಸಿಗುತ್ತದೆ ಅನ್ನುತ್ತಾರಲ್ಲ, ಬೇಸಿಗೆಯಲ್ಲಿ ಗುಡ್ಡದ ಮೇಲೆ ರಾತ್ರಿ ಕೆಂಪು ಗೆರೆ ಕಂಡರೆ ನನಗೆ ನಿದ್ದೆ ಬರುವುದಿಲ್ಲ. ನಂಟಿದ್ದ ಮೇಲೆ ಅದೂ ಇರುತ್ತದೆ.

ಇಷ್ಟು ಹೇಳಿ ನಾನು ಮಾತು ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇನೆ.

ಒಬ್ಬ ವಿದ್ಯಾರ್ಥಿ ಎದ್ದು ಕೇಳಿದ: "ಮೇಡಂ, ನಾನು ದೇವರನ್ನ ನಂಬಲ್ಲ. ನನಗೂ ಇದು ಆಗುತ್ತಾ?"

ಕಮರದ ಬೇರು ನೀನು ನಂಬಿದರೂ ನಂಬದಿದ್ದರೂ ಇಳಿಯುತ್ತದೆ ಕಣಪ್ಪ. ನನಗೆ ಅಲ್ಲಿ ಕೈಮುಗಿಯಬೇಕು ಅನ್ನಿಸುತ್ತದೆ, ನಾನು ಬೆಳೆದ ಮನೆ ಹಾಗಿತ್ತು. ನಿನಗೆ ಸುಮ್ಮನೆ ನಿಲ್ಲಬೇಕು ಅನ್ನಿಸಬಹುದು, ಇನ್ನಷ್ಟು ತಿಳಿಯಬೇಕು ಅನ್ನಿಸಬಹುದು. ನನ್ನ ಜೊತೆ ಕಾಡು ಸುತ್ತಿದ ಒಬ್ಬ ಗೆಳತಿ ಕಟ್ಟಾ ನಾಸ್ತಿಕಳು. ದಾರಿಯಲ್ಲಿ ಒಂದು ಗೊಬ್ಬರದ ಹುಳ ಉಂಡೆ ಉರುಳಿಸುತ್ತಿದ್ದರೆ ಅದು ದಾಟುವ ತನಕ ಎಲ್ಲರನ್ನೂ ನಿಲ್ಲಿಸುತ್ತಾಳೆ. ಅವಳಿಗೆ ಏನು ಕಡಿಮೆಯಾಗಿದೆ?

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ರೈತರೊಬ್ಬರದು. ಅವರ ಹೊಲ ಕಾಡಿನ ಅಂಚಿನಲ್ಲಿದೆ. "ಅಮ್ಮಾ, ನೀವು ಹೇಳಿದ್ದೆಲ್ಲ ಕೇಳಾಕೆ ಚೆಂದ. ಕರಡಿ, ಹಂದಿ ಬಂದು ರಾತ್ರಿಗಿಷ್ಟು ಶೇಂಗಾ ಕಿತ್ತು ಹಾಕ್ತಾವೆ. ರಾತ್ರಿಯೆಲ್ಲ ಟಾರ್ಚ್ ಹಿಡಕೊಂಡು ಕಾಯೋನು ನಾನು. ನಂಗೆ ಎಲ್ಲಿಂದ ಬರಬೇಕು ಭಕ್ತಿ?"

ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು. ಅಣ್ಣಾ, ನಿಮ್ಮಿಂದ ಭಕ್ತಿ ಕೇಳುವ ಹಕ್ಕು ನನಗಿಲ್ಲ. ಈ ಕಾಡಿನ ಖರ್ಚನ್ನು ನೀವು ಕೊಡುತ್ತಿದ್ದೀರಿ, ಅದರ ನೆಮ್ಮದಿಯನ್ನು ಊರಿನಲ್ಲಿರುವ ನಾವು ಉಣ್ಣುತ್ತಿದ್ದೇವೆ. ಕಾಡಿನ ಜೊತೆ ನಂಟಿದೆ ಅಂತ ಹೇಳಿಕೊಳ್ಳುವವರು ಮೊದಲು ನಿಮ್ಮ ಹೊಲದ ಬದುವಿಗೆ ಬರಬೇಕು. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು, ಆದರೆ ಅರ್ಜಿ, ಪಹಣಿ, ಫೋಟೋ, ಮಹಜರು ಅಂತ ಅಲೆದಾಡುವಷ್ಟರಲ್ಲಿ ಅರ್ಧ ಜನ ಕೈಬಿಡುತ್ತಾರೆ. ಓದಿದ ಹುಡುಗರು ಇಲ್ಲಿ ಇಷ್ಟು ಜನ ಕೂತಿದ್ದಾರೆ. ಆ ಅಲೆದಾಟ ಇವರು ಮಾಡಲಿ, ನಾನೂ ಬರುತ್ತೇನೆ. ಶೇಂಗಾ ಕೀಳುವ ಮೊದಲಿನ ರಾತ್ರಿಗಳಲ್ಲಿ ಕಾವಲಿಗೆ ಸರದಿಯ ಮೇಲೆ ಬರಲೂ ಇವರಲ್ಲಿ ಕೆಲವರು ಸಿಗಬಹುದು.

ಸಭೆ ಮುಗಿದ ಮೇಲೆ ಕೆಲವು ವಿದ್ಯಾರ್ಥಿಗಳು ಅವರ ಸುತ್ತ ಸೇರಿದ್ದರು. ಕಳೆದ ವರ್ಷ ಕೊಟ್ಟ ಅರ್ಜಿ ಎಲ್ಲಿ ನಿಂತಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಕೇಳುವುದು ಅಂತ ಮಾತಾಯಿತು.